ಎಷ್ಟನೇ ಸ್ಟೇಜು

‘ಎರಡನೇ ಸ್ಟೇಜು’ ಅಂದರು ಡಾಕ್ಟರು,
ಕನ್ನಡಕ ತೆಗೆದು ಮೇಜಿನ ಮೇಲಿಟ್ಟು.
ಇಪ್ಪತ್ತೆರಡು ವರ್ಷ ಹಾಸನ–ಬೇಲೂರು ರೂಟಿನಲ್ಲಿ
ಊರು ಕೂಗಿದ ಬಾಯಿ ನನ್ನದು,
ತಡೆಯದೆ ಬಂತು: ‘ಕಂದಲಿ ದಾಟಿತಾ ಸಾರ್?’
ಅವರು ನಗಲಿಲ್ಲ. ತಂಗಿ ಚೆಲುವಿ
ಮೇಜಿನ ಕೆಳಗೆ ಕಾಲು ತುಳಿದಳು.

ನಮ್ಮಲ್ಲಿ ಸ್ಟೇಜು ಅಂದರೆ ದರ.
ಇಷ್ಟು ದೂರಕ್ಕೆ ಇಷ್ಟು ದುಡ್ಡು,
ಸ್ಟೇಜು ಬಂದರೆ ಇಳಿಯುವವರು ಇಳಿಯುತ್ತಾರೆ.
ಇಲ್ಲಿ ಯಾರೂ ಇಳಿಯುವ ಮಾತೆತ್ತಲಿಲ್ಲ.

ಅದಕ್ಕೂ ಮೊದಲು ಬಯಾಪ್ಸಿ.
ಸೂಜಿ ‘ಟಕ್’ ಅಂತು.
ಸದ್ದಿಗೆ ಹೆದರಬೇಡಿ, ಅಂದಳು ನರ್ಸು.
ಸದ್ದು ನನಗೆ ಹಳೇ ಪರಿಚಯ.
ಮಷಿನ್ನು ಬರುವ ಮೊದಲು ಪಂಚು ಹಿಡಿದು
ದಿನಕ್ಕೆ ಸಾವಿರ ತೂತು ಹೊಡೆದವಳು,
ರಾತ್ರಿ ಚೀಲ ಕೊಡವಿದರೆ ಅಂಗಳದ ತುಂಬ
ನುಚ್ಚಕ್ಕಿಯ ಹಾಗೆ ಕಾಗದದ ಚೂರು.
ಅಷ್ಟೇ ದೊಡ್ಡ ಚೂರೊಂದು ನನ್ನಿಂದ ಕಳಚಿ
ಶೀಶೆಯಲ್ಲಿ ತೇಲುತ್ತ ಲ್ಯಾಬಿಗೆ ಹೋಯಿತು.
ಮೇಲೆ ಅಂಟಿಸಿದ ಚೀಟಿ:
ದೇವೀರಮ್ಮ ಕೆ. ಟಿ., ಹೆಣ್ಣು, ನಲವತ್ತೊಂಬತ್ತು.

ರಿಪೋರ್ಟು ಎರಡು ಹಾಳೆ, ಇಂಗ್ಲಿಷು.
‘ಪಾಸಿಟಿವ್’ ಕಂಡಲ್ಲಿ ಚೆಲುವಿ ಕೈ ಮುಗಿದಳು,
‘ನೆಗೆಟಿವ್’ ಕಂಡಲ್ಲಿ ಅತ್ತಳು.
ಡಾಕ್ಟರು ಬಿಡಿಸಿ ಹೇಳಿದ ಮೇಲೆ
ಅರ್ಧ ಅಳು, ಅರ್ಧ ಕೈಮುಗಿತ
ವಾಪಸ್ ತಗೊಂಡು ಅದಲುಬದಲು ಮಾಡಿದಳು.
ಲಿವರಿನ ಮುಂದೆ ಬರೆದಿತ್ತು: ‘ಅನ್‌ರಿಮಾರ್ಕಬಲ್’.
ಹೇಳಿಕೊಳ್ಳುವಂಥದ್ದೇನೂ ಇಲ್ಲ ಅಂತ.
ನನ್ನ ಸರ್ವೀಸು ರಿಜಿಸ್ಟರಿನಲ್ಲೂ ಒಂದು ರಿಮಾರ್ಕಿಲ್ಲ,
ಇಷ್ಟು ವರ್ಷದಲ್ಲಿ ಯಾರೂ
ಅದನ್ನು ಒಳ್ಳೇ ಸುದ್ದಿ ಅಂದಿರಲಿಲ್ಲ.

ಚೆಲುವಿಯ ಮಗ ನಿಘಂಟು ತೆಗೆದ.
ಅರ್ಬುದ: ಗಂತಿ, ಒಂದು ರೋಗ; ಹತ್ತು ಕೋಟಿ.
‘ಹತ್ತು ಕೋಟಿಗೆ ಚಿಲ್ಲರೆ ಯಾರ ಹತ್ರ ಐತೆ ಮಗಾ?’
ಅವ್ವ ಮೂಲೆಯಿಂದ ಗೊಣಗಿದಳು:
‘ಏಡಿಗಂತಿ ಅನ್ರೋ, ಬಾಯಿ ಸವೆಯಲ್ಲ.’
ಏಡಿ.
ಗದ್ದೆಬದುವಿನ ಬಿಲಕ್ಕೆ ಕೈ ಹಾಕಿ
ಕೊಂಡಿ ಮುರಿದು ಸಾರು ಕಾಸಿ ಉಂಡ ಜನ ನಾವು.
ಈಗ ಬಿಲ ನಾನೇ.

ಕೀಮೋ ಅಂದರೆ ಸೈಕಲ್ಲು. ಇಪ್ಪತ್ತೊಂದು ದಿನಕ್ಕೊಂದು, ಒಟ್ಟು ಆರು.
ಪಕ್ಕದ ಕುರ್ಚಿಗೆ ಜೈಬುನ್ನೀಸಾ,
ಚಿಕ್ಕಮಗಳೂರಿನ ಕ್ಯೂರಿಂಗಿನಲ್ಲಿ ಕಾಫಿಬೀಜ ಆರಿಸುವವಳು.
ಅವಳಿಗೆ ಸ್ಟೇಜಿಗಿಂತ ಗ್ರೇಡು ಕೇಳಿ ಸಿಟ್ಟು:
‘ಎ, ಬಿ, ಪೀಬೆರಿ, ಕರಿಬೀಜ,
ಕಣ್ಮುಚ್ಚಿ ಬೇರೆ ಮಾಡ್ತೀನಿ ನಾನು.
ನನ್ನ ಒಳಗೆ ಕೂತು ಯಾರು ಆರ್ಸಿದ್ದು,
ಮೂರನೇ ಗ್ರೇಡು ಅಂತ?’
ಮದ್ದಿಗೆ ಅವಳ ಉಗುರು ಕಪ್ಪಿಟ್ಟವು.
ಹತ್ತೂ ಬೆರಳು ಚಾಚಿ ‘ನೋಡು, ಕರಿಬೀಜ’ ಅಂತ
ಡ್ರಿಪ್ಪಿನ ನಳಿಕೆ ಅಲುಗುವ ಹಾಗೆ ನಕ್ಕಳು.

ನಾಲ್ಕನೇ ಸೈಕಲ್ಲಿಗೆ ಆ ಕುರ್ಚಿಯಲ್ಲಿ
ಅರಕಲಗೂಡಿನ ಒಬ್ಬ ಮೇಷ್ಟ್ರು.
ನಾನು ಕೇಳಲಿಲ್ಲ.
ಖಾಲಿಯಾದ ಸೀಟಿನ ಬಗ್ಗೆ ಕಂಡಕ್ಟರು ಕೇಳುವುದಿಲ್ಲ,
ಹತ್ತಿದವರನ್ನಷ್ಟೇ ಎಣಿಸುತ್ತಾಳೆ.
ಎಣಿಸಿದೆ. ಮತ್ತೆ ಎಣಿಸಿದೆ.

ಮೊನ್ನೆಯ ಸ್ಕ್ಯಾನಿನ ಕೊನೇ ಸಾಲು:
ರೋಗದ ಕುರುಹು ಕಂಡುಬಂದಿಲ್ಲ.
ಚೆಲುವಿ ಸ್ವೀಟಂಗಡಿಗೆ ಓಡಿದಳು.
ನಾನು ಆ ‘ಕಂಡುಬಂದಿಲ್ಲ’ದ ಹತ್ತಿರವೇ ನಿಂತೆ.

ಕೊನೇ ಟ್ರಿಪ್ಪಿನಲ್ಲಿ ಹಗರೆ ಹತ್ತಿರ
ಕೈ ಅಡ್ಡ ಹಿಡಿದು ಚೆಕಿಂಗಿನವರು ಹತ್ತುತ್ತಾರಲ್ಲ,
ಟಾರ್ಚು ಬಿಟ್ಟು, ತಲೆ ಎಣಿಸಿ, ನಿದ್ದೆಯವರ ಭುಜ ತಟ್ಟಿ,
ಟಿಕೆಟ್ಟಿಲ್ಲದವರು ಕಂಡುಬಂದಿಲ್ಲ ಅಂತ
ವೇಬಿಲ್ಲಿಗೆ ಸಹಿ ಹಾಕಿ ಕತ್ತಲಲ್ಲಿ ಇಳಿದುಹೋಗುತ್ತಾರೆ.
ಇಲ್ಲವೇ ಇಲ್ಲ ಅಂತ ಯಾವತ್ತೂ ಬರೆಯುವುದಿಲ್ಲ.
ಬಸ್ಸು ಹೊರಡಲು ಅಷ್ಟು ಸಾಕು.

ಸೋಮವಾರ ಡ್ಯೂಟಿಗೆ ಹೋದೆ.
ಎಡಗೈ ಇನ್ನೂ ಕಂಬಿಗೆ ಎಟುಕುವುದಿಲ್ಲ,
ಸೀಟಿಗೆ ಸೊಂಟ ಒರಗಿಸಿ ನಿಂತೆ.
ಬುಟ್ಟಿ ಹೊತ್ತ ಸೊಪ್ಪಿನ ಮುದುಕಿ ಹತ್ತಿದಳು,
‘ಎಲ್ ಹೋಗಿದ್ಯೇ ಇಷ್ಟ್ ದಿನ?’
‘ಬೇರೆ ರೂಟಿಗೆ ಹಾಕಿದ್ರು ಕಣಜ್ಜಿ.’
‘ರೋಡು ಚೆನ್ನಾಗಿತ್ತಾ?’
ಅವಳದು ಸೊನ್ನೆ ರೂಪಾಯಿ ಟಿಕೆಟ್ಟು.
ಹರಿದು ಕೊಟ್ಟೆ.
‘ರೈಟ್’ ಅಂದೆ, ಡ್ರೈವರಿಗೆ.